ಬಲಗೆನ್ನೆಗೆ ತಾಗದ ಗಾಳಿ

ಪ್ರೀತಿಯ ಓಸ್ಮುಂದ್,

ನಾನು ಟೈಪ್ ಮಾಡಿದ್ದನ್ನೆಲ್ಲ ಈ ಕಂಪ್ಯೂಟರ್ ನನಗೆ ಗಟ್ಟಿಯಾಗಿ ಓದಿ ಹೇಳುತ್ತದೆ. ಮೇಲಿನ 'ಪ್ರೀತಿಯ' ಎಂಬ ಮಾತನ್ನೂ ಅದು ಬಸ್ಸಿನಲ್ಲಿ ನಿಲ್ದಾಣದ ಹೆಸರು ಹೇಳುವ ದನಿಯಲ್ಲೇ ಓದಿತು. ಈಚೆಗೆ ನನಗೆ ಈ ದನಿ ಹಿತವಾಗಿದೆ. ಅದಕ್ಕೆ ನನ್ನ ಮೇಲೆ ಕನಿಕರವಿಲ್ಲ. ನಾನು ತಪ್ಪು ಬರೆದರೆ ತಪ್ಪನ್ನೇ ಓದುತ್ತದೆ.

ಫೆಬ್ರವರಿಯಿಂದ ನೀನು ಕಳಿಸಿದ ಧ್ವನಿ ಸಂದೇಶಗಳನ್ನೆಲ್ಲ ಕೇಳಿದ್ದೇನೆ. ಉತ್ತರ ಕೊಡದೆ ಇದ್ದದ್ದು ಬಿಂಕದಿಂದಲ್ಲ. ನನಗೆ ಮಾತು ತಡವಾಗಿ ಬರುತ್ತದೆ, ಎದುರಿಗಿದ್ದವರು ಹೊರಟುಹೋದ ಮೇಲೆ ಬರುತ್ತದೆ. ಅದು ನಿನಗೆ ಹೊಸದಲ್ಲ. ಹೋದ ವಾರದ ಸಂದೇಶದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಸುನ್ನಿ, ಈ ಚಳಿಗಾಲ ಸಿನಿಮಾನ ಶಾಲೆಗಳಿಗೆ ತಗೊಂಡು ಹೋಗ್ಬೇಕಂತೆ. ನಾವಿಬ್ರೂ ಜೊತೇಲಿ ಹೋಗಿ ಮಕ್ಕಳ ಹತ್ರ ಮಾತಾಡ್ಬೇಕಂತೆ. ಬರ್ತೀಯಾ ಇಲ್ವಾ, ಅಷ್ಟು ಹೇಳ್ಬಿಡು ಮಾರಾಯ್ತಿ." ಈ ಪತ್ರ ಅದಕ್ಕೆ ಉತ್ತರ. ಅಷ್ಟು ಮಾತ್ರ ಹೇಳಲು ನನಗೆ ಆಗುವುದಿಲ್ಲ, ಮೊದಲಿನಿಂದ ಹೇಳಬೇಕು.

ನನ್ನ ಕಣ್ಣು ಹೋಗತೊಡಗಿದಾಗ ನಾವು ಒಂದೇ ತರಗತಿಯಲ್ಲಿದ್ದೆವು. ಮೊದಲು ನೋಟದ ನಡುಭಾಗ ಹೋಯಿತು, ಆಮೇಲೆ ಅಂಚುಗಳು. ಈಗ ಉಳಿದಿರುವುದು ಬೆಳಕಿಗೂ ಕತ್ತಲಿಗೂ ಇರುವ ವ್ಯತ್ಯಾಸ ಮಾತ್ರ, ಅದೂ ಹಾಲು ಕದಡಿದ ಹಾಗೆ. ಆ ವರ್ಷ ಮನೆಯವರೆಲ್ಲ ನನ್ನೊಡನೆ ಮೆತ್ತಗಿನ ದನಿಯಲ್ಲಿ ಮಾತನಾಡಲು ಶುರುಮಾಡಿದರು. ಶರತ್ಕಾಲದಲ್ಲಿ ಇಡೀ ಶಾಲೆ ಬೆಟ್ಟಕ್ಕೆ ಹೊರಟಾಗ ಟೀಚರ್ ನನಗೆ ರಜೆ ಕೊಟ್ಟರು, ನಾನು ಕೇಳದೆಯೇ. ಅದರ ಮುಂದಿನ ಭಾನುವಾರ ನೀನು ನಮ್ಮ ಬಾಗಿಲಿಗೆ ಬಂದೆ. ಕೈಯಲ್ಲಿ ಒಂದು ಉದ್ದನೆಯ ಕೋಲು, ಬೆನ್ನಚೀಲಕ್ಕೆ ನಿನ್ನ ಚಿಕ್ಕಪ್ಪನ ಕುರಿಯ ಕೊರಳಿಂದ ಬಿಚ್ಚಿದ ಗಂಟೆ. "ಏಳೇ, ಬೂಟು ಹಾಕ್ಕೋ. ಕುರಿಗಳೇ ಈ ಸದ್ದು ಹಿಡ್ಕೊಂಡು ಮನೆ ಸೇರ್ತಾವೆ, ನಿನಗೆ ಅಷ್ಟೂ ಬರಲ್ವಾ?" ಎಂದೆ. ಅಮ್ಮನಿಗೆ ಸಿಟ್ಟು ಬಂತು. ನನಗೆ ಎಷ್ಟೋ ತಿಂಗಳ ಮೇಲೆ ನಗು ಬಂತು.

ಅವತ್ತೇ ಹೊಳೆಯ ಪ್ರಸಂಗ ನಡೆದದ್ದು. "ಸಣ್ಣದು ಕಣೇ, ಬೂಟೂ ಒದ್ದೆ ಆಗಲ್ಲ" ಎಂದೆ ನೀನು. ನಾನು ಧೈರ್ಯವಾಗಿ ಕಾಲಿಟ್ಟೆ, ಸೊಂಟದ ತನಕ ಇಳಿದುಹೋದೆ. ಹಿಮ ಕರಗಿದ ನೀರು. ಉಸಿರು ಒಳಗೇ ನಿಂತಿತು. ನೀನು ಎಳೆದು ದಡಕ್ಕೆ ಹಾಕಿದ ಮೇಲೆ, ಹಲ್ಲು ಕಟಕಟಿಸುತ್ತ, ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ನಿನಗೆ ಬೈದೆ.

"ನೀನು ಹೆದರ್ತೀಯ ಅಂತ ಹಾಗಂದೆ ಕಣೇ."

"ಹೆದರೋದು ನನ್ನ ಕೆಲಸ. ನೋಡೋದು ನಿನ್ನ ಕೆಲಸ. ನನ್ನ ಕೆಲಸಕ್ಕೆ ಕೈ ಹಾಕ್ಬೇಡ."

ನೀನು ನಿನ್ನ ಒಣ ಕಾಲುಚೀಲ ಬಿಚ್ಚಿ ನನಗೆ ಕೊಟ್ಟು, "ಆಯ್ತು. ಇನ್ನು ಮೇಲೆ ಏನಿದೆಯೋ ಅದು. ಚಿಕ್ಕದು ಮಾಡಲ್ಲ, ದೊಡ್ಡದೂ ಮಾಡಲ್ಲ" ಎಂದೆ. ನಮ್ಮ ನಡುವೆ ಇದ್ದ ಒಪ್ಪಂದ ಅದೊಂದೇ. ಅದನ್ನು ನೀನು ಎಷ್ಟೋ ವರ್ಷ ಕಾಪಾಡಿದೆ. ಕೋಲಿನ ಮುಂದಿನ ತುದಿ ನಿನ್ನ ಕೈಯಲ್ಲಿ, ಹಿಂದಿನ ತುದಿ ನನ್ನ ಕೈಯಲ್ಲಿ, ನಡುವೆ ಗಂಟೆಯ ಸದ್ದು, ಮತ್ತೆ ನಿನ್ನ ಮಾತುಗಳು. "ಮೊಣಕಾಲಷ್ಟು ಕಲ್ಲು." "ಸಡಿಲ." "ಜೌಗು, ಬಲಕ್ಕೆ ಹಾರು." ಪ್ರಪಾತದ ಅಂಚಿನಲ್ಲಿ ನೀನು ಹೇಳುತ್ತಿದ್ದದ್ದು "ಎಡಕ್ಕೆ ಏನೂ ಇಲ್ಲ" ಎಂದಷ್ಟೇ, ಕಾಫಿಯಲ್ಲಿ ಸಕ್ಕರೆ ಇಲ್ಲ ಎನ್ನುವ ದನಿಯಲ್ಲಿ. ನಾನು ಆಮೇಲೆ ಬೆರ್ಗೆನ್‌ಗೆ ಹೋಗಿ ಸಾಹಿತ್ಯ ಓದಿದೆ, ಕಿವಿಗೆ ಹಾಕಿಕೊಂಡ ಪುಸ್ತಕಗಳ ನಡುವೆಯೇ ವರ್ಷಗಳನ್ನು ಕಳೆದೆ. ಬೆಟ್ಟವನ್ನೂ ಕಡಲನ್ನೂ ಬಣ್ಣಿಸಿದವರು ಎಷ್ಟೋ ಜನ. ನಾನು ಕಾಲಿಟ್ಟು ನಂಬಿದ್ದು ನಿನ್ನ ಮಾತನ್ನು ಮಾತ್ರ.

ಓಸ್ಲೋದಿಂದ ವಿಬೆಕೆ ಬಂದು, ಕಣ್ಣು ಕಾಣದ ಹುಡುಗಿ ಬೆಟ್ಟ ಹತ್ತುವ ಸಾಕ್ಷ್ಯಚಿತ್ರ ಮಾಡುತ್ತೇನೆ ಎಂದಾಗ ನಾನು ಬೇಡ ಎಂದಿದ್ದೆ. ನಾನು ಎಲ್ಲಿ ಹೋದರೂ ಹಿಂದಿನ ಸಾಲಿನಲ್ಲಿ ಕೂರುವವಳು. ಕ್ಯಾಮೆರಾ ನನಗೆ ಕಾಣದಿದ್ದರೂ ಅದು ಯಾವ ದಿಕ್ಕಿನಲ್ಲಿದೆ ಎಂದು ಮೈಗೆ ಗೊತ್ತಾಗುತ್ತದೆ, ಅಲ್ಲಿ ಚರ್ಮ ಬಿಗಿಯುತ್ತದೆ. "ನಾನಿರ್ತೀನಲ್ಲ, ನೀನು ನನ್ನ ಹತ್ರ ಮಾತಾಡು, ಅದರ ಪಾಡಿಗೆ ಅದಿರ್ಲಿ" ಎಂದೆ ನೀನು. ನಾನು ಒಪ್ಪಿದೆ. ಬೆಟ್ಟ ಯಾವುದು ಎಂದು ವಿಬೆಕೆ ಕೇಳಿದಾಗ ನಾನು ಯೋಚಿಸಲೇ ಇಲ್ಲ, ಗ್ರೋಹೋರ್ನ್ ಎಂದೆ.

ಯಾಕೆ ಎಂದು ಅವರಿಗೆ ಹೇಳಲಿಲ್ಲ, ನಿನಗೆ ಗೊತ್ತಿತ್ತು. ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಬೆಟ್ಟ ಅದು. ಕೊಂಬಿನಂಥ ಎರಡು ತುದಿ, ಮುಂದೆ ಚಿಕ್ಕ ಹೋರ್ನ್, ಅದರ ಹಿಂದೆ ಓರೆಯಾಗಿ ದೊಡ್ಡ ಹೋರ್ನ್, ಅಂದರೆ ಗ್ರೋಹೋರ್ನ್‌ನ ನಿಜವಾದ ತುದಿ, ಎರಡರ ನಡುವೆ ಹಲ್ಲಿನಂಥ ಚೂಪಾದ ಏಣು. ಎಲ್ಲವೂ ಹಾಲಾಗುತ್ತಾ ಬಂದಾಗಲೂ, ಸಂಜೆ ಆಕಾಶದ ಎದುರು ಆ ದೊಡ್ಡ ತುದಿಯ ಗೆರೆ ಮಾತ್ರ ಒಂದಷ್ಟು ದಿನ ಉಳಿದಿತ್ತು. ನಾನು ಕೊನೆಯದಾಗಿ ನೋಡಿದ ದೂರ ಅದು. ಒಂದು ದಿನ ಆ ಗೆರೆಯೂ ಇರಲಿಲ್ಲ. ಅಲ್ಲಿಗೆ ಹೋಗಿ, ಅದು ಇನ್ನೂ ಇದೆಯೇ ಎಂದು ಕಾಲಿನಿಂದ ನೋಡಬೇಕಿತ್ತು ನನಗೆ.

ತುದಿಗೆ ಹೋದವರು ಕಲ್ಲುಗುಪ್ಪೆಗೆ ಒಂದು ಕಲ್ಲು ಸೇರಿಸಬೇಕಲ್ಲ, ಅದಕ್ಕೆ ಅಜ್ಜಿಯ ಊರಿನ ಕಡಲತೀರದಿಂದ ಒಂದನ್ನು ಆರಿಸಿ ತಂದಿದ್ದೆ. ಸಮುದ್ರ ಕೊರೆದು ನಡುವೆ ತೂತು ಬಿದ್ದ ಕಲ್ಲು, ಸರಿಯಾಗಿ ನನ್ನ ಕಿರುಬೆರಳು ಹಿಡಿಯುವಷ್ಟು. ಅದರಲ್ಲಿ ಒಂದು ಉಣ್ಣೆ ನೂಲು ಕಟ್ಟಿದ್ದೆ. "ಕೆಂಪು ತಾನೆ?" ಎಂದು ಕೇಳಿದ್ದಕ್ಕೆ ನೀನು, "ಕೆಂಪಲ್ಲ, ಇಟ್ಟಿಗೆ ಬಣ್ಣ. ಅಂಗಡಿಯವನು ನಿನಗೆ ಟೋಪಿ ಹಾಕಿದಾನೆ" ಎಂದಿದ್ದೆ. ಅಷ್ಟು ಚಿಕ್ಕ ವಿಷಯಕ್ಕೂ ನೀನು ಸುಳ್ಳು ಹೇಳುತ್ತಿರಲಿಲ್ಲ.

ಹೋದ ವರ್ಷ, ಚಿತ್ರೀಕರಣದ ಆ ಸೆಪ್ಟೆಂಬರ್ ದಿನ, ಬೆಳಗಿನಿಂದ ಗಾಳಿ ನಮ್ಮ ಬಲಕ್ಕೆ ಇತ್ತು. ಬಲಗೆನ್ನೆ ಮರಗಟ್ಟಿತ್ತು. ನನ್ನ ಮೊಣಕಾಲು ಊದಿಕೊಂಡಿತ್ತು, ನಿಜ. ವಿಬೆಕೆ ಮೋಡ ಮುಚ್ಚಿಕೊಳ್ಳುತ್ತಿದೆ ಎಂದು ಅವಸರ ಮಾಡುತ್ತಿದ್ದರು, ಅದೂ ನಿಜ. ಒಂದು ಬಂಡೆಯ ಮರೆಯಲ್ಲಿ ನನ್ನನ್ನು ಕೂರಿಸಿ, ಕೈಗೆ ಕಿತ್ತಳೆ ಹಣ್ಣು ಕೊಟ್ಟು ನೀವಿಬ್ಬರೂ ಆಚೆ ಹೋದಿರಿ. ಗಾಳಿಯಲ್ಲಿ ಮಾತು ಕೇಳಿಸಲಿಲ್ಲ, ನಿನ್ನ ಗಂಟೆ ಅತ್ತಿಂದಿತ್ತ ಅಲ್ಲಾಡುವುದು ಮಾತ್ರ ಕೇಳಿಸಿತು. ಬೇಡ ಎಂದು ತಲೆಯಾಡಿಸುವವನ ಬೆನ್ನಿನ ಗಂಟೆಯ ಹಾಗೆ. ಆಮೇಲೆ ಅದು ನಿಂತಿತು. ನೀನು ಬಂದು, "ಹೊರಡೋಣ, ಇನ್ನು ಸ್ವಲ್ಪವೇ" ಎಂದೆ. ನಾನು ಉಳಿದರ್ಧ ಹಣ್ಣನ್ನೂ ಸಿಪ್ಪೆಯನ್ನೂ ಜೇಬಿಗೆ ಹಾಕಿಕೊಂಡು ಎದ್ದೆ. ಸ್ವಲ್ಪ ಹೊತ್ತಿಗೆ ನೆಲ ಸಮವಾಯಿತು. ನೀನು ನಿಂತೆ, ಕೋಲು ಸಡಿಲವಾಯಿತು.

"ಬಂದ್ವಿ ಸುನ್ನಿ. ತುದಿ ಇದೇ."

ನನಗೆ ಅಳು ಬಂತು. ಎರಡೂ ಕೈ ಮೇಲೆತ್ತಿದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಆಗಲೇ ಒಂದು ವಿಚಿತ್ರ ಅನ್ನಿಸಿತು. ಬೆಳಗಿನಿಂದ ಹೊಡೆಯುತ್ತಿದ್ದ ಗಾಳಿ ತುದಿಯಲ್ಲಿ ಇನ್ನೂ ಜೋರಾಗಬೇಕಿತ್ತು. ಬಲಗೆನ್ನೆಗೆ ಏನೂ ತಾಗುತ್ತಿರಲಿಲ್ಲ, ಗೋಡೆಯ ಪಕ್ಕ ನಿಂತ ಹಾಗಿತ್ತು.

"ಬಲಗಡೆ ಗಾಳಿ ಯಾಕಿಲ್ಲ?"

"ಕಲ್ಲುಗುಪ್ಪೆ ಇದೆಯಲ್ಲ, ಅದು ತಡೀತಿದೆ."

ಕೈ ಚಾಚಿದೆ. ಗುಪ್ಪೆ ನನ್ನ ಸೊಂಟಕ್ಕೂ ಬರುತ್ತಿರಲಿಲ್ಲ. ಆದರೆ ಹೇಳಿದವನು ನೀನು. ಹಾಗಾಗಿ ನನ್ನ ಕೆನ್ನೆಗೇ ಏನೋ ಆಗಿದೆ, ಚಳಿಗೆ ಸ್ಪರ್ಶ ಹೋಗಿದೆ ಎಂದುಕೊಂಡೆ. ಕೈಗವಸು ತೆಗೆದು ಕೆನ್ನೆ ಉಜ್ಜಿಕೊಂಡೆ. ಸಿನಿಮಾದಲ್ಲಿ ಅದು ಕಣ್ಣೀರು ಒರೆಸಿಕೊಂಡ ಹಾಗೆ ಕಾಣುತ್ತದಂತೆ. ತೂತುಗಲ್ಲನ್ನು ಗುಪ್ಪೆಯ ಸಂದಿಯಲ್ಲಿ ಇಟ್ಟು ಕಿರುಬೆರಳಿನಿಂದ ಒಮ್ಮೆ ಒತ್ತಿ ಬಂದೆ.

ಜನವರಿಯಲ್ಲಿ ಓಸ್ಲೋದಲ್ಲಿ ಸಿನಿಮಾ ತೋರಿಸಿದಾಗ ನನಗೆ ಕೇಳಿಸಿದ್ದು ನಮ್ಮ ಮಾತು, ಸಂಗೀತ, ಚಪ್ಪಾಳೆ. ನಾನೂ ನಕ್ಕೆ. ಫೆಬ್ರವರಿಯಲ್ಲಿ ನಮ್ಮ ಕಣಿವೆಯ ಸಾಂಸ್ಕೃತಿಕ ಭವನದಲ್ಲಿ ತೋರಿಸುವ ಹೊತ್ತಿಗೆ ಕಾಣದವರಿಗಾಗಿ ದೃಶ್ಯವಿವರಣೆ ಸೇರಿಸಿದ್ದರು. ಕಿವಿಗೆ ಸಿಕ್ಕಿಸಿಕೊಂಡರೆ, ತೆರೆಯ ಮೇಲೆ ಏನಿದೆಯೋ ಅದನ್ನು ಒಬ್ಬ ಹೆಂಗಸು ಹೇಳುತ್ತಾ ಹೋಗುತ್ತಾಳೆ. ಭವನವೆಲ್ಲ ವಾಫಲ್ ಸುಡುವ ವಾಸನೆ. ನೀನು ನನ್ನ ಎಡಕ್ಕೆ ಕೂತಿದ್ದೆ. ನಿನ್ನ ಮೊಣಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ನೀನೂ ನನ್ನ ಹಾಗೆ ನಾಚಿಕೊಳ್ಳುತ್ತಿದ್ದೀಯ ಎಂದುಕೊಂಡೆ.

ಆ ಹೆಂಗಸಿನ ಮಾತು ನನಗೆ ಬಾಯಿಪಾಠವಾಗಿದೆ. "ಸುನ್ನಿವಾ ಎರಡೂ ಕೈ ಮೇಲೆತ್ತುತ್ತಾಳೆ. ಒಂದು ಕ್ಷಣ ಮೋಡ ಸರಿಯುತ್ತದೆ. ಅವಳ ಬಲಗಡೆ ಬೆಟ್ಟದ ಏಣು ಇನ್ನೂ ಮೇಲಕ್ಕೆ ಹೋಗಿದೆ. ಅದರ ತುದಿಯಲ್ಲಿ ಎತ್ತರವಾದ ಒಂದು ಕಲ್ಲುಗುಪ್ಪೆ. ಮೋಡ ಮತ್ತೆ ಮುಚ್ಚುತ್ತದೆ. ಓಸ್ಮುಂದ್ ಕ್ಯಾಮೆರಾದ ಕಡೆ ನೋಡಿ, ನೆಲ ನೋಡುತ್ತಾನೆ."

ಅವಳಿಗೆ ನಾನು ಯಾರೋ, ಗ್ರೋಹೋರ್ನ್ ಯಾವುದೋ. ಇದ್ದದ್ದನ್ನು ಹೇಳಿದಳು, ಅಷ್ಟೇ. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. "ಅಲ್ವೋ, ಇದು ಚಿಕ್ಕ ಹೋರ್ನ್ ಅಲ್ವಾ?" "ಸುಮ್ನಿರೋ. ಪಾಪ, ಎದುರಿಗೇ ಕೂತಿದಾಳೆ." ಆಮೇಲೆ ದೀಪ ಹಾಕಿದರು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಕೈಗೆ ಮೈಕ್ ಕೊಟ್ಟರು. ನಾನು "ಧನ್ಯವಾದ" ಎಂದೆ. ಅದೊಂದೇ ಶಬ್ದ ಬಾಯಲ್ಲಿತ್ತು. ಅಂಗಡಿಯವರು, ನಿನ್ನ ಚಿಕ್ಕಪ್ಪ, ನನಗೆ ರಜೆ ಕೊಟ್ಟಿದ್ದ ಅದೇ ಟೀಚರ್, ಒಬ್ಬೊಬ್ಬರಾಗಿ ಬಂದು ನನ್ನ ಕೈ ಹಿಡಿದು ಮೆತ್ತಗಿನ ದನಿಯಲ್ಲಿ ಮಾತನಾಡಿಸಿದರು. ಆ ಮೆತ್ತಗಿನ ದನಿಯಿಂದ ನನ್ನನ್ನು ಹೊರಗೆ ಎಳೆದು ತಂದವನು ನೀನು. ಅವತ್ತು ನೀನೇ ಅದರೊಳಕ್ಕೆ ವಾಪಸ್ ಕರೆದುಕೊಂಡು ಹೋಗಿ ಕೂರಿಸಿದ್ದೆ.

ಹೊರಗೆ, ಮೆಟ್ಟಿಲ ಮೇಲೆ, ಅಮ್ಮ ಕಾರು ತರುವ ತನಕ ನೀನು ಹೇಳಿದ್ದು ನೆನಪಿದೆಯೇ? "ನಿನ್ನ ಕಾಲು ಊದಿತ್ತು. ಆ ಏಣು ದಾಟೋಕೆ ಆಗ್ತಿರ್ಲಿಲ್ಲ. ವಿಬೆಕೆ, ಇಲ್ಲೇ ತೆಗೆದುಬಿಡೋಣ, ಆಮೇಲೆ ಅವಳಿಗೆ ಹೇಳಿದ್ರಾಯ್ತು ಅಂದ್ರು. ಹೇಳೋಣ ಅಂತಲೇ ಇದ್ದೆ. ನೀನು ಅಷ್ಟು ಖುಷಿಯಾಗಿದ್ದೆ ಕಣೇ. ಬಾಯಿ ಬರ್ಲಿಲ್ಲ."

"ಕಣಿವೆಯವರಿಗೆಲ್ಲ ಗೊತ್ತಾ?" ಎಂದು ಕೇಳಿದೆ.

"ನೋಡಿದ ತಕ್ಷಣ ಗೊತ್ತಾಗತ್ತೆ. ಆದ್ರೆ ಯಾರೂ ಏನೂ ಅನ್ಕೊಳ್ಳಲ್ಲ ಸುನ್ನಿ. ಎಲ್ರಿಗೂ ನಿನ್ನ ಕಂಡ್ರೆ ಪ್ರೀತಿ."

ಓಸ್ಮುಂದ್, ನಾವು ಎಂಥ ಊರಿನವರು? ಅರ್ಧ ದಾರಿಯಿಂದ ವಾಪಸ್ ಬಂದವರನ್ನು ನೋಡಿ ನಗುವವರು ಇಲ್ಲಿ ಯಾರೂ ಇಲ್ಲ. ಓದು ಬರಹಕ್ಕೆ ಮೊದಲೇ ನಮಗೆ ಕಲಿಸಿದ್ದು ಅದನ್ನು. ನಿನ್ನ ಅಪ್ಪನೇ ಎಷ್ಟು ಸಲ ತುದಿ ಕಾಣುವಷ್ಟು ಹತ್ತಿರ ಹೋಗಿ, ಆಕಾಶ ನೋಡಿ, ತಿರುಗಿ ಬಂದು ಅಡುಗೆಮನೆಯಲ್ಲಿ ಕೂತು ನೆಮ್ಮದಿಯಾಗಿ ಕಾಫಿ ಕುಡಿದಿದ್ದಾರೆ. "ಇವತ್ತು ಆಗಲ್ಲ, ಇದು ಚಿಕ್ಕ ಹೋರ್ನ್, ವಾಪಸ್ ಹೋಗೋಣ" ಎಂದು ನೀನು ಹೇಳಿದ್ದರೆ, ನಾನು ಆ ಕಿತ್ತಳೆಯ ಇನ್ನರ್ಧ ತಿಂದು ನಿನ್ನ ಹಿಂದೆ ಇಳಿದು ಬರುತ್ತಿದ್ದೆ. ಬೇರೆ ಯಾರಿಗಾದರೂ ನೀನು ಹಾಗೆಯೇ ಹೇಳುತ್ತಿದ್ದೆ. ವಾಪಸ್ ಬರುವ ಮರ್ಯಾದೆ ಎಲ್ಲರಿಗೂ ಇದೆ. ನನಗೆ ಮಾತ್ರ ಇಲ್ಲ ಎಂದು ನೀನು ತೀರ್ಮಾನಿಸಿದೆ.

ಇಲ್ಲಿಯವರೆಗಿನದು ನಿನಗೆ ಗೊತ್ತಿರುವ ಕತೆ. ಗೊತ್ತಿಲ್ಲದ್ದು ಒಂದಿದೆ. ಆಗಸ್ಟ್‌ನಲ್ಲಿ ನಾನು ಗ್ರೋಹೋರ್ನ್‌ಗೆ ಹೋಗಿಬಂದೆ.

ಅಂಧರ ಸಂಘದಿಂದ ಗುದ್ರುನ್ ಎಂಬ ಹೆಂಗಸು ಜೊತೆಗೆ ಬಂದರು. ನಮ್ಮ ಅಮ್ಮನಿಗಿಂತ ದೊಡ್ಡವರು, ಬಾಯಲ್ಲಿ ಯಾವಾಗಲೂ ಜ್ಯೇಷ್ಠಮಧುವಿನ ಪೆಪ್ಪರ್ಮಿಂಟ್. ದಾರಿ ಹೇಳುವುದರಲ್ಲಿ ಅವರಷ್ಟು ಕೆಟ್ಟವರು ಇನ್ನೊಬ್ಬರಿಲ್ಲ. "ಅಲ್ಲೊಂದು ಇದೆ ನೋಡು, ಅದೇ, ಅದು... ಕಲ್ಲು. ದೊಡ್ಡದು. ಅಯ್ಯೋ ಅಷ್ಟೇನೂ ದೊಡ್ಡದಲ್ಲ, ನಮ್ಮನೆ ಫ್ರಿಜ್ಜಿನಷ್ಟಿದೆ." ನಾನು ಆ ಫ್ರಿಜ್ಜಿಗೆ ಎರಡು ಸಲ ಡಿಕ್ಕಿ ಹೊಡೆದೆ. ಎಡ ಬಲ ಅದಲುಬದಲಾಗುತ್ತಿತ್ತು. ಆದರೂ, ನೆಲ ಸಮವಾದಾಗ ನಾನು ಬೇಕೆಂದೇ "ಇದು ತುದಿ ತಾನೆ?" ಎಂದು ಕೇಳಿದ್ದಕ್ಕೆ ಅವರು ನಕ್ಕುಬಿಟ್ಟರು.

"ಎಲ್ಲಿ ತುದಿ ಮಗಳೇ, ಇನ್ನೂ ಒಂದು ರಾಕ್ಷಸ ಬಲಗಡೆ ನಿಂತಿದೆ. ಸಾಕು ಅನ್ಸಿದ್ರೆ ಹೇಳು. ನನಗೇನೂ ಬೇಜಾರಿಲ್ಲ, ಕೆಳಗೆ ಕಾಫಿ ಇದೆ."

ಅಲ್ಲಿ ನಿಂತು ಸ್ವಲ್ಪ ಅತ್ತೆ. ಅವರಿಗೆ ಯಾಕೆಂದು ತಿಳಿಯಲಿಲ್ಲ, ಪೆಪ್ಪರ್ಮಿಂಟ್ ಕೊಟ್ಟರು. ಆಮೇಲೆ ಚಿಕ್ಕ ಗುಪ್ಪೆಯನ್ನು ಸುತ್ತಲೂ ತಡಕಿದೆ. ನನ್ನ ಕಲ್ಲನ್ನು ತೆಗೆದು ಮೇಲಕ್ಕೆ ಕೊಂಡೊಯ್ಯಬೇಕೆಂದಿದ್ದೆ. ಅದು ಇರಲಿಲ್ಲ. ಹಿಮದಲ್ಲಿ ಜಾರಿಹೋಗಿರಬೇಕು ಎಂದುಕೊಂಡೆ.

ಏಣನ್ನು ಬಹುಪಾಲು ಕೂತುಕೊಂಡೇ ದಾಟಿದೆ. ಗುದ್ರುನ್ ಹಿಂದೆ ಮುಂದೆ ಗೊಣಗುತ್ತಾ, ದೇವರ ಹೆಸರನ್ನೂ ಪಿಶಾಚಿಯ ಹೆಸರನ್ನೂ ಒಟ್ಟಿಗೆ ಹೇಳುತ್ತಾ ಬಂದರು. ಏಣು ಮುಗಿದ ಮೇಲೆ, ತುದಿಯಲ್ಲಿ ಎದ್ದು ನಿಂತೆ. ಗಾಳಿ ಬಲಗೆನ್ನೆಗೆ ಹೊಡೆಯಿತು, ಕಣ್ಣಲ್ಲಿ ನೀರು ಬರುವಷ್ಟು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ನನ್ನ ಕೆನ್ನೆ ಯಾವತ್ತೂ ಸರಿಯಾಗಿಯೇ ಇತ್ತು, ಓಸ್ಮುಂದ್.

ಇಲ್ಲಿನ ಗುಪ್ಪೆ ನನ್ನ ತಲೆಗಿಂತ ಎತ್ತರ. ಅದರ ಗಾತ್ರ ತಿಳಿಯಲು ಕೈಯಾಡಿಸುತ್ತಾ ಸುತ್ತಿದೆ. ಗಾಳಿ ಬೀಳದ ಬದಿಯಲ್ಲಿ, ಎದೆಯ ಎತ್ತರದಲ್ಲಿ, ನನ್ನ ಕಿರುಬೆರಳು ಒಂದು ತೂತಿನೊಳಗೆ ಹೋಯಿತು.

ನೂಲೂ ಇತ್ತು. ನಾನು ಕಟ್ಟಿದ್ದು ಸಾದಾ ಗಂಟು. ಅದು ಎಲ್ಲೋ ತುಂಡಾಗಿರಬೇಕು, ಮತ್ತೆ ಕಟ್ಟಲಾಗಿತ್ತು. ಹಗ್ಗದ ಎರಡು ತುದಿಗಳು ಒಂದನ್ನೊಂದು ಹಿಡಿದುಕೊಳ್ಳುವ ಆ ಗಂಟನ್ನು ನನಗೆ ಕಲಿಸಿದವನು ನೀನು, ಕಣ್ಣು ಮುಚ್ಚಿಕೊಂಡು ಕಟ್ಟಿ ತೋರಿಸುತ್ತಾ, "ನೋಡು, ಇದಕ್ಕೆ ಕಣ್ಣು ಬೇಕಾಗಿಲ್ಲ" ಎಂದಿದ್ದೆ. ಅಂದರೆ ನೀನು ಒಬ್ಬನೇ ಬಂದು, ನನ್ನ ಕಲ್ಲನ್ನು ಕೆಳಗಿನಿಂದ ತೆಗೆದು, ಇಲ್ಲಿ ತಂದು ಇಟ್ಟು ಹೋಗಿದ್ದೀಯ.

ಒಂದು ಗಳಿಗೆ ನನ್ನ ಎದೆ ಕರಗಿತು ಎಂದು ಬರೆಯದಿದ್ದರೆ ಅದು ಸುಳ್ಳಾಗುತ್ತದೆ. ಆಮೇಲೆ ನೂಲನ್ನು ಬೆರಳಲ್ಲಿ ಉಜ್ಜಿದೆ. ಅದು ಗಟ್ಟಿಯಾಗಿ, ಜಡೆಗಟ್ಟಿ, ಕಂಬಳಿಯ ಅಂಚಿನಂತಾಗಿತ್ತು. ನೀನು ಕಟ್ಟಿದ ಗಂಟೂ ಹಾಗೆಯೇ ಜಡೆಗಟ್ಟಿ ಕಲ್ಲಿಗೇ ಅಂಟಿಕೊಂಡಿತ್ತು. ಒಂದು ಬೇಸಿಗೆಯ ಮಳೆಗೆ ಉಣ್ಣೆಯ ಗಂಟು ಹಾಗಾಗುವುದಿಲ್ಲ, ಕಟ್ಟಿದ ಮೇಲೆ ಇಡೀ ಚಳಿಗಾಲ ಹಿಮದಡಿ ಬಿದ್ದಿರಬೇಕು. ಹಾಗಾದರೆ ನೀನು ಅದನ್ನು ಇಟ್ಟದ್ದು ಹಿಮ ಬೀಳುವ ಮೊದಲು, ಅದೇ ಶರತ್ಕಾಲದಲ್ಲಿ. ಓಸ್ಲೋದ ಚಪ್ಪಾಳೆಗಿಂತ ಮೊದಲು. ಆಮೇಲೆ ನೀನು ಕ್ರಿಸ್‌ಮಸ್‌ಗೆ ನಮ್ಮ ಮನೆಗೆ ಬಂದೆ, ನಮ್ಮ ಅಮ್ಮನ ಅಡುಗೆ ತಿಂದೆ, ನಾನು ತುದಿಯ ಕತೆ ಹೇಳುವಾಗ ಪಕ್ಕದಲ್ಲೇ ಕೂತಿದ್ದೆ. ಅಷ್ಟು ದಿನವೂ ನಿನಗೆ ಬಾಯಿತ್ತು. ನನಗೆ ನಿಜ ಹೇಳುವುದಕ್ಕಿಂತ ಕಲ್ಲು ಹೊತ್ತು ಆ ಏಣು ದಾಟುವುದು ನಿನಗೆ ಸುಲಭವಾಯಿತು. ನೀನು ಬೆಟ್ಟವನ್ನು ತಿದ್ದಿದೆ. ನನ್ನನ್ನು ಕತ್ತಲಲ್ಲೇ ಬಿಟ್ಟೆ.

ಅದನ್ನು ನಾನು ಅಲ್ಲಿ ಬಿಡಲಿಲ್ಲ. ಗ್ರೋಹೋರ್ನ್‌ನ ತುದಿಯ ಮೇಲೆಯೇ ಬಿದ್ದಿದ್ದ ಒಂದು ಸಾಧಾರಣ ಕಲ್ಲನ್ನು ಎತ್ತಿ ಗುಪ್ಪೆಗೆ ಸೇರಿಸಿದೆ, ಯಾರು ಹುಡುಕಿದರೂ ಗುರುತು ಸಿಗದಂಥದ್ದು. ನನ್ನ ತೂತುಗಲ್ಲನ್ನು ಜೇಬಿಗೆ ಹಾಕಿಕೊಂಡು ಇಳಿದು, ಚಿಕ್ಕ ಹೋರ್ನ್‌ನಲ್ಲಿ, ಅದೇ ಸೊಂಟಕ್ಕೆ ಬರದ ಗುಪ್ಪೆಯ ಸಂದಿಯಲ್ಲಿ, ಮೊದಲಿನ ಹಾಗೆಯೇ ಕಿರುಬೆರಳಿನಿಂದ ಒತ್ತಿ ಇಟ್ಟೆ. ನಾನು ಅದನ್ನು ಇಟ್ಟದ್ದು ಅಲ್ಲಿ. ದಯವಿಟ್ಟು ಇನ್ನು ಅದನ್ನು ಮುಟ್ಟಬೇಡ.

ಶಾಲೆಗಳಿಗೆ ನಾನು ಬರುವುದಿಲ್ಲ. ಸಿನಿಮಾ ಬೇಕಾದರೆ ಅಲ್ಲಿಗೆ ಹೋಗಲಿ. ವಿಬೆಕೆಗೆ ಫೋನ್ ಮಾಡಿ, ಆ ದೃಶ್ಯದ ಕೆಳಗೆ 'ಚಿಕ್ಕ ಹೋರ್ನ್' ಎಂದು ಹೆಸರು ಹಾಕಿ ಎಂದೆ. "ಹಾಗೆ ಮಾಡಿದ್ರೆ ಸಿನಿಮಾದ ಕೊನೆಯೇ ಹೋಗತ್ತಲ್ಲಮ್ಮ" ಎಂದರು. ಹೋಗಲಿ, ಅದು ಅಲ್ಲಿ ಇರಲೇ ಇಲ್ಲವಲ್ಲ ಎಂದೆ. ಹೆಸರು ಹಾಕುತ್ತಾರಂತೆ. ಮಕ್ಕಳ ಮುಂದೆ ನೀನು ಒಬ್ಬನೇ ನಿಲ್ಲಬೇಕಾಗುತ್ತದೆ. ಯಾರಾದರೂ ಕೈ ಎತ್ತಿ, ಮತ್ತೆ ಯಾಕೆ ತುದಿ ಅಂದ್ರಿ ಎಂದು ಕೇಳುತ್ತಾರೆ. ಮಕ್ಕಳು ಕೇಳಿಯೇ ಕೇಳುತ್ತಾರೆ. ಅವರಿಗೆ ನೀನು ಏನು ಹೇಳುತ್ತೀಯೋ, ಅದನ್ನು ಎಂದಾದರೂ ನನಗೂ ಹೇಳಬಹುದು. ಅಲ್ಲಿಯವರೆಗೆ ಕೋಲು ನಿನ್ನಲ್ಲೇ ಇರಲಿ. ಗಂಟೆಯನ್ನು ಮಾತ್ರ ಚಿಕ್ಕಪ್ಪನ ಕುರಿಗೆ ವಾಪಸ್ ಕಟ್ಟು. ಅದು ನನಗೆ ಯಾವತ್ತೂ ತಪ್ಪು ದಾರಿ ತೋರಿಸಲಿಲ್ಲ, ಆ ದಿನ ಕೂಡ ಬೇಡ ಬೇಡ ಎಂದೇ ಅಲ್ಲಾಡಿತ್ತು.

ಕಲ್ಲು ಇಡುವ ಮೊದಲು ನೂಲನ್ನು ಗಂಟಿನ ಎದುರು ಬದಿಯಲ್ಲಿ ಕತ್ತರಿಸಿ ತೆಗೆದು, ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಗಂಟು ಬಿಚ್ಚಿಲ್ಲ. ಅದು ಈಗ ಯಾವ ಬಣ್ಣವಾಗಿದೆಯೋ ನನಗೆ ತಿಳಿಯದು, ಗುದ್ರುನ್ ಅವರನ್ನು ಕೇಳಲಿಲ್ಲ. ನೀನೇ ನೋಡಿಕೋ.

ಚಳಿಗಾಲ ಬರುತ್ತಿದೆ, ಬೆಟ್ಟದಲ್ಲಿ ಹುಷಾರು. ನೀನು ದಾಟುವ ಹೊಳೆಗಳೆಲ್ಲ ನಿನ್ನ ಕಣ್ಣಿಗೆ ಕಾಣುವಷ್ಟೇ ಆಳವಾಗಿರಲಿ.

ಇಂತಿ,
ಕೋಲಿನ ಹಿಂದಿನ ತುದಿಯಲ್ಲಿ ಇದ್ದ
ಸುನ್ನಿವಾ